ಅಜ್ಜಿಯ ಇಂಗ್ಲಿಷಿಗೆ ನಗಬೇಡಿ



ಊರಿನಿಂದ ಬಂದ ಹಿರಿಯರ ಇಂಗ್ಲಿಷ್ ಎಡವುವುದು ಹೆಚ್ಚಾಗಿ ಕ್ರಿಯಾಪದದ ಕಾಲದಲ್ಲಿ. ಕಾರಣ ನಮ್ಮ ನುಡಿಯಲ್ಲೇ ಇದೆ. ‘ಮಾತ್ರೆ ತಗೋತೀನಿ’ ಎಂದರೆ ದಿನಾ ತಗೊಳ್ಳುವುದೂ ಹೌದು, ನಾಳೆ ತಗೊಳ್ಳುವುದೂ ಹೌದು. ಇಂಗ್ಲಿಷಿನಲ್ಲಿ ‘ಐ ಟೇಕ್’ ಬೇರೆ, ‘ಐ ವಿಲ್ ಟೇಕ್’ ಬೇರೆ. ಡಾಕ್ಟರ ಮುಂದೆ ಈ ವ್ಯತ್ಯಾಸ ಸಣ್ಣದಲ್ಲ. ‘ನಿನ್ನೆಯೇ ಹೇಳಿದ್ದೇನೆ’ ನಮಗೆ ಸರಿ. ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್ ಟೋಲ್ಡ್’ ಸಲ್ಲದು, ‘ಟೋಲ್ಡ್’ ಸಾಕು.

ಇದಕ್ಕೆ ವ್ಯಾಕರಣದ ಪಟ್ಟಿ ಬೇಡ ಎಂಬುದು ನನ್ನ ಅಭಿಪ್ರಾಯ. ಲೆಮಾಂಟ್ ದೇವಸ್ಥಾನಕ್ಕೆ ಹೋಗುವಾಗ ಕಾರಿನಲ್ಲಿ ಮೊಮ್ಮಕ್ಕಳು ‘ಯೆಸ್ಟರ್‌ಡೇ’, ‘ಎವ್ರಿ ಡೇ’, ‘ಟುಮಾರೋ’ ಎನ್ನಲಿ. ಅಜ್ಜಿ ಒಂದೊಂದು ವಾಕ್ಯ ಹೇಳಲಿ. ಹಿಂತಿರುಗುವಾಗ ಅಜ್ಜಿ ‘ನಿನ್ನೆ’, ‘ನಾಳೆ’ ಎನ್ನಲಿ. ಮಕ್ಕಳು ಕನ್ನಡದಲ್ಲಿ ಉತ್ತರಿಸಲಿ. ನಕ್ಕರೆ ಇಬ್ಬರೂ ಬಾಯಿ ಮುಚ್ಚುತ್ತಾರೆ, ಮನೆಯಲ್ಲಿ ಎರಡೂ ಭಾಷೆ ಸೊರಗುತ್ತವೆ.