ಮದರ್‌ಬೋರ್ಡ್ ಹೋಗಿದೆ ಎನ್ನುವ ಮೊದಲು

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಗುಡವಿ)

ನಮ್ಮ ಮನೆಯ ಲ್ಯಾಪ್‌ಟಾಪ್ ಕಳೆದ ಜುಲೈ 17ರ ರಾತ್ರಿ ಸುಮ್ಮನಾಯಿತು. ಅದಕ್ಕೂ ಮೊದಲು ಎರಡು ದಿನ ಗುಡವಿಯಲ್ಲಿ ಬಿಡದೆ ಮಳೆ. ಕೆರೆಯ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಅದು ಸುಗ್ಗಿಯ ಕಾಲ, ಕರೆಂಟು ನಂಬಿ ಕೆಲಸ ಮಾಡುವವರಿಗೆ ಅಲ್ಲ. ಬಟನ್ ಒತ್ತಿದರೆ ಲೈಟು ಬರುತ್ತದೆ, ಒಳಗೆ ಫ್ಯಾನು ಒಂದು ಸಲ ಗುಂಯ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು.

ಅದು ಸಿನಿಮಾ ನೋಡಲು ಇಟ್ಟುಕೊಂಡ ಲ್ಯಾಪ್‌ಟಾಪ್ ಅಲ್ಲ. ಬಿ.ಕಾಂ. ಮುಗಿಸಿದ ನನ್ನ ಆಪಾ ಎರಡು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕೂತು ಟ್ಯಾಲಿಯಲ್ಲಿ ಬರೆಯುತ್ತಾಳೆ. ಜಿಎಸ್‌ಟಿ ಓದಿದವರಿಗೆ ಗೊತ್ತಿದೆ, ಹಿಂದಿನ ತಿಂಗಳ 3ಬಿ ರಿಟರ್ನ್ ಸಲ್ಲಿಸಲು ಕೊನೆಯ ದಿನ 20. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರಂತೆ ಬಡ್ಡಿ. ಬಿಲ್ಲುಗಳೆಲ್ಲ ಆ ಕಪ್ಪು ಪರದೆಯ ಹಿಂದೆ. ಇನ್ನೊಂದು ಕಡೆ ನಕಲು ಇಟ್ಟಿದ್ದೀಯಾ ಎಂದು ನಾನು ಕೇಳಿದೆ. ಆಪಾ ಉತ್ತರ ಕೊಡಲಿಲ್ಲ. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಅಂದರೆ ಕೆಲಸದಿಂದ ದೂರ ಇಟ್ಟದ್ದು. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಅಂದರೆ ಒಬ್ಬರು ನಂಬಿ ಒಪ್ಪಿಸಿದ ವಸ್ತು. ಆ ಮೂರು ದಿನ ನಮ್ಮ ಮನೆಯ ಮೇಜಿನ ಮೇಲೆ ಎರಡೂ ಅರ್ಥ ಒಟ್ಟಿಗೆ ಕೂತಿದ್ದವು.

ಮರುದಿನ ಅಬ್ಬಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಅಂಗಡಿಯವರು ಬಟನ್ ಎರಡು ಸಲ ಒತ್ತಿ, “ಸಾಬ್ರೇ, ಮದರ್‌ಬೋರ್ಡ್ ಹೋಗಿದೆ. ಒಂಬತ್ತು ಸಾವಿರ ಆಗುತ್ತೆ. ಇದಕ್ಕೆ ಹಾಕೋ ಬದಲು ಬೇರೆ ತಗೊಳ್ಳಿ” ಅಂದರು. ಅಬ್ಬಾ ಲಗೇಜ್ ಆಟೊ ಓಡಿಸುತ್ತಾರೆ. ಒಂಬತ್ತು ಸಾವಿರ ಎಂದರೆ ಏನೆಂದು ಅವರ ಮುಖದಲ್ಲೇ ಕಾಣುತ್ತಿತ್ತು. ಮನೆಗೆ ಬಂದ ಮೇಲೆ ಅಮ್ಮಿ ಏನೂ ಹೇಳದೆ ಕೈಯ ಬಳೆ ನೋಡಿಕೊಂಡರು.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಬರೆಯುತ್ತಿಲ್ಲ. ಅವರ ಮುಂದೆ ಹತ್ತು ಜನ ನಿಂತಿದ್ದರು. ನಾವು ಹೇಳಿದ್ದಾದರೂ ಏನು? “ಆನ್ ಆಗ್ತಿಲ್ಲ” ಅಷ್ಟೇ. ಡಾಕ್ಟರ ಹತ್ತಿರ ಹೋಗಿ “ಹುಷಾರಿಲ್ಲ” ಎಂದು ಬಾಯಿ ಮುಚ್ಚಿಕೊಂಡು ಕೂತ ಹಾಗೆ. ಎಲ್ಲಿ ನೋವು, ಯಾವಾಗಿಂದ ಎಂದು ಹೇಳಲಾರದ ರೋಗಿಗೆ ದೊಡ್ಡ ಕಾಯಿಲೆಯ ಹೆಸರೇ ಸಿಗುವುದು.

19ರಂದು ಅದನ್ನು ಕಾಲೇಜಿಗೆ ತಂದೆ. ನಮ್ಮ ಕಂಪ್ಯೂಟರ್ ಲ್ಯಾಬಿನ ಸರ್ ಲ್ಯಾಪ್‌ಟಾಪನ್ನು ಮುಟ್ಟಲೇ ಇಲ್ಲ, ನನ್ನ ಕೈಯಲ್ಲೇ ಎಲ್ಲ ಮಾಡಿಸಿದರು. ಒಂದು ಹಾಳೆ ಕೊಟ್ಟು, ಏನು ಮಾಡಿದೆ, ಏನಾಯಿತು ಎಂದು ಬರೆಯುತ್ತಾ ಹೋಗು ಅಂದರು. ಮೊದಲು ಚಾರ್ಜರ್. ಬೇರೆ ಪ್ಲಗ್ಗಿಗೆ ಹಾಕಿದರೂ ಲೈಟು ಬಂತು, ಅಂದರೆ ಕರೆಂಟು ಒಳಗೆ ಹೋಗುತ್ತಿದೆ. ಆಮೇಲೆ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ವಿದ್ಯುತ್ ಖಾಲಿಯಾದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಏಳುತ್ತವಂತೆ. ನಮ್ಮದು ಏಳಲಿಲ್ಲ. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿದೆ. ಮಸುಕಾಗಿ ಚಿತ್ರ ಕಂಡರೆ ಲ್ಯಾಪ್‌ಟಾಪ್ ಬದುಕಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ ಎಂದರ್ಥ. ಏನೂ ಕಾಣಲಿಲ್ಲ. ಲ್ಯಾಬಿನ ಮಾನಿಟರಿಗೆ ಕೇಬಲ್ ಹಾಕಿದರೆ ಅಲ್ಲೂ ಕತ್ತಲೆ. ಆಗ ಸರ್, “ಕ್ಯಾಪ್ಸ್ ಲಾಕ್ ಲೈಟು ನೋಡು” ಅಂದರು. ಅದು ಮೂರು ಸಲ ಮಿನುಗಿ ನಿಲ್ಲುತ್ತಿತ್ತು, ಮತ್ತೆ ಮೂರು ಸಲ. ಎರಡು ದಿನದಿಂದ ಅದು ಕೂಗಿ ಹೇಳುತ್ತಿತ್ತು, ನಾವು ಯಾರೂ ಎಣಿಸಿರಲಿಲ್ಲ! ಈ ಎಣಿಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆಯಾ ಮಾದರಿಯ ಕೈಪಿಡಿಯಲ್ಲಿ ಇರುತ್ತದೆ. ನಮ್ಮದರಲ್ಲಿ ಮೂರು ಎಂದರೆ ಮೆಮೊರಿ, ಅಂದರೆ ರ‍್ಯಾಮ್.

ಚಾರ್ಜರ್, ಬ್ಯಾಟರಿ ಎರಡೂ ತೆಗೆದಿದೆಯೇ ಎಂದು ಮತ್ತೊಮ್ಮೆ ನೋಡಿ, ಹಿಂಬದಿಯ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ಬೆರಳುದ್ದದ ಎರಡು ರ‍್ಯಾಮ್ ಪಟ್ಟಿಗಳು. ಚಿನ್ನದ ಬಣ್ಣದ ಅಂಚು ಮಬ್ಬಾಗಿತ್ತು. ಮಲೆನಾಡಿನ ಥಂಡಿ ಪುಸ್ತಕದ ಕಪಾಟನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದೆಯೇ? ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಒಂದೇ ಪಟ್ಟಿಯನ್ನು ಓರೆಯಾಗಿ ಸೇರಿಸಿ ಟಕ್ ಎನ್ನುವವರೆಗೆ ಒತ್ತಿದೆ. ಬಟನ್ ಒತ್ತಿದರೆ ಕಂಪನಿಯ ಗುರುತು ಮೂಡಿತು. ಎರಡನೆಯ ಪಟ್ಟಿ ಹಾಕಿದರೆ ಮತ್ತೆ ಕಪ್ಪು. ಅದು ನಿಜವಾಗಿಯೂ ಕೆಟ್ಟಿತ್ತು. ಈಗ ನಮ್ಮ ಲ್ಯಾಪ್‌ಟಾಪ್ ಅರ್ಧ ಮೆಮೊರಿಯಲ್ಲಿ ಕುಂಟುತ್ತಾ ಓಡುತ್ತಿದೆ. ಓಡುತ್ತಿದೆ ಎಂಬುದು ಮುಖ್ಯ. ಆ ರಾತ್ರಿ ಆಪಾ ಮೊದಲು ಟ್ಯಾಲಿಯ ಡೇಟಾವನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು, ಮರುದಿನ ಎರಡೂ ರಿಟರ್ನ್ ಸಲ್ಲಿಸಿದಳು.

ನನ್ನ ಮಾತು ಇಲ್ಲಿಂದ ಶುರು. ಈ ಕಥೆ ಕೇಳಿದ ಒಬ್ಬ ಗೆಳತಿ, “ನಾವು ಕಾಮರ್ಸಿನವರು, ನಮಗೇಕೆ ಇದೆಲ್ಲ? ಅದಕ್ಕೆ ಜನ ಇದ್ದಾರೆ” ಅಂದಳು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಏನು ಮಾಡುತ್ತೇವೆ? ಲೆಡ್ಜರ್ ಹರಿದು ಹೊಸದು ಕೊಳ್ಳುತ್ತೇವೆಯೇ? ಮೊದಲು ಮೊತ್ತ ಮತ್ತೆ ಕೂಡುತ್ತೇವೆ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಡೆಬಿಟ್ ಹೋಗಿ ಕ್ರೆಡಿಟ್ ಕಡೆ ಕೂತಿದೆಯೇ ನೋಡುತ್ತೇವೆ. ಒಂಬತ್ತರಿಂದ ಭಾಗವಾದರೆ 54 ಬರೆಯುವಲ್ಲಿ 45 ಬರೆದೆವೋ ಎಂದು ಹುಡುಕುತ್ತೇವೆ. ಸುಲಭದ್ದು ಮೊದಲು, ದುಬಾರಿಯದ್ದು ಕೊನೆಗೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಸರ್ ನನ್ನಿಂದ ಮಾಡಿಸಿದ್ದೂ ಅದನ್ನೇ. ಈ ಕೆಲಸಕ್ಕೆ ಬೇಕಾದ ಬುದ್ಧಿ ನಮಗೆ ಪ್ರಥಮ ಪಿಯುಸಿಯಲ್ಲೇ ಬಂದಿದೆ. ಸ್ಕ್ರೂಡ್ರೈವರ್ ಹಿಡಿದ ಅಭ್ಯಾಸ ಇಲ್ಲ, ಅಷ್ಟೇ.

ಅಭ್ಯಾಸ ಏಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹನ್ನೆರಡು ವರ್ಷದ ನನ್ನ ತಮ್ಮ ರಿಮೋಟ್ ಬಿಚ್ಚಿದರೆ ಮನೆಯಲ್ಲಿ ಜಾಣ ಅನ್ನುತ್ತಾರೆ. ನಾನು ಮುಟ್ಟಿದರೆ “ಹಾಳು ಮಾಡಬೇಡ, ಶಾಕ್ ಹೊಡೆಯುತ್ತೆ.” ಅಮ್ಮಿ ಇದನ್ನು ಓದಿದರೆ ಬೈಯುತ್ತಾರೆ, ಬೈಯಲಿ.

ವ್ಯವಹಾರ ಅಧ್ಯಯನದ ಗ್ರಾಹಕ ಸಂರಕ್ಷಣೆ ಪಾಠದಲ್ಲಿ ಆರು ಹಕ್ಕುಗಳನ್ನು ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ಮಾಹಿತಿ ಪಡೆಯುವ ಹಕ್ಕೂ ಒಂದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲನ್ನೂ ತೆರೆದಿದೆ. ಕಂಪನಿಗಳ ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರ ಜನರ ಕೈಗೆ ಸಿಗಲಿ ಎಂಬುದು ಅದರ ಉದ್ದೇಶ. ಆದರೆ ಅಂಗಡಿಯ ಮುಂದೆ ನಿಂತಾಗ “ಟಾರ್ಚ್ ಹಿಡಿದು ನೋಡಿದ್ದೇವೆ, ಹೊರಗಿನ ಮಾನಿಟರ್ ಹಾಕಿದ್ದೇವೆ, ಲೈಟು ಮೂರು ಸಲ ಮಿನುಗುತ್ತದೆ” ಎಂದು ಹೇಳಲು ಬಾರದಿದ್ದರೆ ಆ ಹಕ್ಕು ಪರೀಕ್ಷೆಯ ಅಂಕಕ್ಕಷ್ಟೇ.

ಎಲ್ಲವನ್ನೂ ನಾವೇ ಬಿಚ್ಚಬೇಕು ಎನ್ನುತ್ತಿಲ್ಲ. ಬ್ಯಾಟರಿ ಉಬ್ಬಿದ್ದರೆ ಕೈ ಹಾಕಲೇಬಾರದು. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡದೆ ಬಲ್ಲವರಿಗೆ ಕೊಡಬೇಕು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೆಸುಗೆ ಹಾಕಿಯೇ ಬರುತ್ತದೆ, ನನ್ನ ರಬ್ಬರು ಅಲ್ಲಿ ನಡೆಯುವುದಿಲ್ಲ. ಇನ್ನೊಂದು: ಮದರ್‌ಬೋರ್ಡ್ ನಿಜವಾಗಿ ಹೋದರೂ ಡಿಸ್ಕ್ ಬೇರೆ ಇದ್ದರೆ ಅದರಲ್ಲಿನ ಲೆಕ್ಕ ಹೋಗಿರುವುದಿಲ್ಲ. ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ 48 ಅಂಕಿಯ ಕೀಲಿ ಬೇಕು. ಅದನ್ನು ಇಂದೇ ಕಾಗದದಲ್ಲಿ ಬರೆದಿಡಿ, ಅದೇ ಲ್ಯಾಪ್‌ಟಾಪಿನಲ್ಲಿ ಅಲ್ಲ!

ನಮ್ಮ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ನಾಲ್ಕು ಹಳೆಯ ಕಂಪ್ಯೂಟರುಗಳಿವೆ. ಗುಜರಿಗೆ ಹೋಗುವ ಮೊದಲು ಅವನ್ನು ನಮಗೆ ಕೊಡಿ ಎಂದು ಪ್ರಾಂಶುಪಾಲರಲ್ಲಿ ಕೇಳುತ್ತಿದ್ದೇನೆ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಸಾಕು. ಒಂದಾದರೂ ಎದ್ದರೆ ಲಾಭ, ಏಳದಿದ್ದರೆ ಏಕೆ ಏಳಲಿಲ್ಲ ಎಂದು ಬರೆದುಕೊಡುತ್ತೇವೆ. ಆರು ಹುಡುಗಿಯರು, ಇಬ್ಬರು ಹುಡುಗರು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಸರ್ ಒಪ್ಪಿದ್ದಾರೆ. ಸ್ಕ್ರೂಡ್ರೈವರ್ ಸೆಟ್ ಅಬ್ಬಾ ಆಟೊದಿಂದ ತೆಗೆದುಕೊಡುತ್ತಾರಂತೆ, ಸಂಜೆ ವಾಪಸ್ ಬರಬೇಕು ಎಂಬ ಷರತ್ತಿನ ಮೇಲೆ.