ಲುಂಗಿ, ಗೆಜ್ಜೆ, ಲಂಡನ್!

ಚನ್ನಪಟ್ಟಣ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಳ್ಳುವ ಗೆಳೆಯರೊಬ್ಬರು ಸವಾಲು ಎಸೆದಿದ್ದಾರೆ: ‘ಸಿನಿಮಾ ಹಾಡು ಬಿಡಿ ಸ್ವಾಮಿ. ಹೊರದೇಶದವರ ಎದುರು ನಿಂತು ಗೆದ್ದ ಆಲ್ಬಂ ನಮ್ಮ ಕನ್ನಡದವರದ್ದು ಒಂದಾದರೂ ಇದೆಯಾ?’

ಪ್ರಶ್ನೆಯಲ್ಲಿ ಖಾರ ಇದೆ! ಯೂರೋಪಿನಲ್ಲಿ ದೇಶಕ್ಕೊಂದು ಹಾಡಿನಂತೆ ವರ್ಷ ವರ್ಷ ಪಂದ್ಯ ನಡೆಯುತ್ತೆ, ಹೆಸರು ಯೂರೋವಿಷನ್. 1974ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ‘ಅಬ್ಬಾ’ ತಂಡ ‘ವಾಟರ್‌ಲೂ’ ಹಾಡಿ ಗೆದ್ದಿತು. ಅದೇ ಹೆಸರಿನ ಆಲ್ಬಂ ಒಂದು ತಿಂಗಳು ಮೊದಲೇ ಅವರ ದೇಶದ ಅಂಗಡಿಗೆ ಬಂದಿತ್ತು. ಎಂಥಾ ಲೆಕ್ಕಾಚಾರ! (ನಮ್ಮ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಶೂಟಿಂಗ್ ನಡೆಯುತ್ತಿದ್ದ ಕಾಲ ಅದು.) ಆ ಪಂದ್ಯದಲ್ಲಿ ಇಂಡಿಯಾ ನಿಂತದ್ದಿಲ್ಲ. ಆದರೂ ಅದರ ಹತ್ತಿರಕ್ಕೆ ಬಂದ ನಮ್ಮವರೊಬ್ಬರಿದ್ದಾರೆ...... ರಘು ದೀಕ್ಷಿತ್!

ಮೈಸೂರಿನಲ್ಲಿ ಬೆಳೆದವರು. ಮೈಕ್ರೋಬಯಾಲಜಿ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ, ಮೇಲಾಗಿ ಭರತನಾಟ್ಯ. ಗಿಟಾರ್ ಹಿಡಿದದ್ದು ಗೆಳೆಯನ ಜೊತೆ ಪಂಥ ಕಟ್ಟಿ! 2008ರಲ್ಲಿ ಮೊದಲ ಆಲ್ಬಂ ಬಂತು. ಬೆನ್ನಿಗೆ ನಿಂತವರು ಹಿಂದಿಯ ವಿಶಾಲ್–ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೋ’ ಅದರಲ್ಲಿವೆ. ಷರೀಫರನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವಥ್‌ರ ದನಿ ಕೇಳಿದ ನಾಡಿನಲ್ಲಿ ಇದಕ್ಕೆ ಕೈ ಹಾಕೋದು ಅಂದರೆ ಗಂಡೆದೆ ಬೇಕು. ‘ಷರೀಫರಿಗೆ ಡ್ರಮ್ಸಾ?’ ಎಂದು ಮೂಗು ಮುರಿಯುವವರು ಮುರಿಯಲಿ. ‘ಗುಡುಗುಡಿ’ಗೆ ನನ್ನ ಕಾಲು ತಾನಾಗಿ ಕುಣಿಯಿತು. ‘ಮಾಳಿಗಿ’ಗೆ ಮಾತ್ರ ಅಶ್ವಥ್‌ರೇ ಸರಿ, ಬೇಜಾರು ಮಾಡ್ಕೋಬೇಡಿ.

2010ರಲ್ಲಿ ಬಿ.ಬಿ.ಸಿ. ಟೀವಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ ಕರೆ ಬಂತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಇವು ಆತನ ವೇದಿಕೆಯ ಟ್ರೇಡ್ ಮಾರ್ಕು! ಆಮೇಲೆ ನೋಡಿ, ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆ ಆಲ್ಬಂ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಅಲ್ಲಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು. ಯೂರೋವಿಷನ್‌ನಂಥ ಪಂದ್ಯ ಇದಲ್ಲ, ಒಪ್ಪಿದೆ. ಆದರೆ ಕನ್ನಡದ ಒಂದಕ್ಷರ ಬಾರದವರು ಷರೀಫರಿಗೆ ತಲೆದೂಗಿದ್ದು ಸುಳ್ಳಲ್ಲವಲ್ಲ!

ಇಲ್ಲಿ? ನಮ್ಮ ಕಡೆ ಆತ ಮನೆಮಾತಾದದ್ದು ಆಲ್ಬಂನಿಂದಲ್ಲ, 2008ರ ‘ಸೈಕೋ’ ಚಿತ್ರದ ಮಹದೇಶ್ವರನ ಹಾಡಿನಿಂದ. ಶಿವರಾತ್ರಿಗೆ ಕನಕಪುರದ ದಾರಿ ಹಿಡಿದು, ಸಂಗಮದ ಬಳಿ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆಯುವ ಹುಡುಗರಿಗೆ ಅದನ್ನು ಬಿಡಿಸಿ ಹೇಳಬೇಕೇ? ಟೀವಿಯಲ್ಲಿ ಲಂಡನ್ನಿನವರು ನೋಡುವ ಮೊದಲೇ ನಾವು ಆ ದನಿ ಕೇಳಿದ್ದೆವು. ಆ ಹೆಮ್ಮೆ ಇರಲಿ. ಆದರೆ ಹೀರೋ ಮುಖ ಕಾಣದ ಹಾಡಿಗೆ ನಾವು ಕಿವಿ ಕೊಡೋದು ಯಾವಾಗ? ಮಾಗಡಿಯ ಹುಡುಗನೊಬ್ಬ ಸಾಲ ಮಾಡಿ ಗಿಟಾರ್ ತಂದರೆ ಮನೆಯಲ್ಲಿ ಮೊದಲ ಮಾತು, ‘ಯಾವ ಪಿಕ್ಚರ್‌ಗೆ ಹಾಡ್ತೀಯೋ?’ ಅವನೇನು ಉತ್ತರ ಕೊಟ್ಟಾನು ಪಾಪ!

ಚನ್ನಪಟ್ಟಣದ ಗೆಳೆಯರೇ, ಉತ್ತರ ಸಿಕ್ಕಿತಾ? ಈಗ ನನ್ನ ಸವಾಲು. ಆ ಎಂಟೂ ಹಾಡು ಪೂರ್ತಿ ಕೇಳಿ. ಅಶ್ವಥ್ ಪಾರ್ಟಿಯೋ, ದೀಕ್ಷಿತ್ ಪಾರ್ಟಿಯೋ, ಒಂದು ಕಾರ್ಡು ಹಾಕಿ!