ಹೊಲಿಗೆ ಕಲಿಯುವವರ ಮೊದಲ ಕೆಲಸ ಯಂತ್ರದ ಗವಸು

ಹೆಣ್ಣುಮಕ್ಕಳಿಗೆ ಮನೆಯಲ್ಲೇ ಒಂದು ದುಡಿಮೆಯ ದಾರಿ ಆಗಬೇಕು ಎಂದಾಗಲೆಲ್ಲ ಸರ್ಕಾರಕ್ಕೂ ಸಂಘಸಂಸ್ಥೆಗಳಿಗೂ ಮೊದಲು ನೆನಪಾಗುವುದು ಹೊಲಿಗೆ ಯಂತ್ರ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಅದರಡಿ ಕೌಶಲ ತರಬೇತಿಯ ಜೊತೆಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು ಸಿಗುತ್ತದೆ. 1982ರಲ್ಲಿ ನಮ್ಮ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯನ್ನು ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳಲ್ಲೂ ಮಹಿಳೆಯರ ಟೈಲರಿಂಗ್ ತರಬೇತಿ ಇದೆ. ಯಂತ್ರ ಕೊಡುವುದಕ್ಕೆ ವ್ಯವಸ್ಥೆ ಇದೆ, ಹೊಲಿಯಲು ಕಲಿಸುವುದಕ್ಕೂ ಇದೆ. ಆದರೆ ಯಂತ್ರ ಮನೆ ಸೇರಿದ ಮೇಲೆ ಅದನ್ನು ಕಾಪಾಡಿಕೊಳ್ಳುವ ಮಾತಿಗೆ ಅಷ್ಟೇ ಗಮನ ಸಿಗುತ್ತಿಲ್ಲ. ಅದಕ್ಕಾಗಿ ಹೊಸ ಯೋಜನೆಯೇನೂ ಬೇಡ. ಹೊಲಿಗೆ ಕಲಿಯಲು ಬರುವ ಪ್ರತಿಯೊಬ್ಬರೂ ಮೊದಲು ಹೊಲಿದು ಮುಗಿಸುವ ವಸ್ತು ತಾವು ಕೂರುವ ಯಂತ್ರದ ಗವಸೇ ಆಗಲಿ ಎಂಬುದು ನನ್ನ ವಾದ.

ಗವಸು ಯಾಕೆ ಬೇಕು ಎನ್ನುವವರು ಯಂತ್ರದ ಒಳಗೆ ನಡೆಯುವುದನ್ನು ಗಮನಿಸಬೇಕು. ನಮ್ಮ ಮನೆಗಳಲ್ಲಿರುವ ಕಪ್ಪು ಬಣ್ಣದ ಕಬ್ಬಿಣದ ಯಂತ್ರದ ಮೇಲ್ಭಾಗದಲ್ಲಿ ಎಣ್ಣೆ ಬಿಡುವ ಸಣ್ಣ ಸಣ್ಣ ತೂತುಗಳಿವೆ. ಅಲ್ಲಿ ಬಿಟ್ಟ ಹನಿ ಒಳಗಿನ ದಂಡಕ್ಕೂ ಸೂಜಿಯ ಕಂಬಕ್ಕೂ ಇಳಿದು ಲೋಹ ಲೋಹಕ್ಕೆ ಉಜ್ಜದಂತೆ ತಡೆಯುತ್ತದೆ. ಅದೇ ತೂತಿನಿಂದ ಧೂಳೂ ಇಳಿಯುತ್ತದೆ. ಮಣ್ಣಿನ ಸಣ್ಣ ಕಣ ಎಣ್ಣೆಯೊಂದಿಗೆ ಬೆರೆತರೆ ಅದು ಲೋಹವನ್ನು ಸವೆಸುವ ಲೇಪವಾಗುತ್ತದೆ. ಯಂತ್ರ ಕ್ರಮೇಣ ಬಿಗಿಯಾಗುತ್ತದೆ, ಪೆಡಲ್ ಭಾರವಾಗುತ್ತದೆ, ದಿನವಿಡೀ ತುಳಿಯುವವರ ಮೊಣಕಾಲು ನೋಯುತ್ತದೆ. ಅನೇಕ ಮನೆಗಳಲ್ಲಿ ಯಂತ್ರಕ್ಕೆ ಸಿಗುವ ಜಾಗ ನಡುಮನೆಯ ಮೂಲೆ ಅಥವಾ ಅಡುಗೆಮನೆಯ ಬಾಗಿಲ ಪಕ್ಕ. ಅಲ್ಲಿ ಒಗ್ಗರಣೆಯ ಹೊಗೆಯ ಜಿಡ್ಡು ಕೂರುತ್ತದೆ, ಜಿಡ್ಡಿನ ಮೇಲೆ ಧೂಳು ಅಂಟುತ್ತದೆ. ಹೆಂಚಿನ ಮನೆಯಾದರೆ ಜಂತೆಯಿಂದ ಮಸಿ ಉದುರುತ್ತದೆ, ಹಲ್ಲಿಯ ಹಿಕ್ಕೆ ಬೀಳುತ್ತದೆ. ಕೆಲವು ವಾರ ಬಳಸದೆ ಬಿಟ್ಟ ಯಂತ್ರದ ಸಂದಿನಲ್ಲಿ ಕಣಜ ಮಣ್ಣು ತಂದು ಮೆತ್ತುವುದೂ ಉಂಟು. ಇದನ್ನೆಲ್ಲ ತಡೆಯಲು ಒಂದು ಪದರ ಬಟ್ಟೆ ಸಾಕು.

ಹಾಗಾದರೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕವರ್ ತಂದು ಹಾಕಿದರೆ ಆಯಿತಲ್ಲ ಎನ್ನಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಅದು ನಡೆದೀತು. ಆದರೆ ಉಡುಪಿ, ಮಂಗಳೂರು, ಕಾರವಾರದ ಜಡಿಮಳೆಯ ತಿಂಗಳುಗಳಲ್ಲಿ, ಮಲೆನಾಡಿನಲ್ಲಿ, ಗಾಳಿಯಲ್ಲೇ ನೀರು ತುಂಬಿರುತ್ತದೆ. ಪ್ಲಾಸ್ಟಿಕ್ಕಿನ ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗುವುದಿಲ್ಲ. ರಾತ್ರಿ ತಂಪಾದಾಗ ಅದು ತಣ್ಣಗಿನ ಕಬ್ಬಿಣದ ಮೇಲೆ ಹನಿಯಾಗಿ ಕೂರುತ್ತದೆ. ಸೂಜಿ ತಟ್ಟೆ, ಬಾಬಿನ್ ಕೇಸ್, ಕೈಚಕ್ರದ ಅಂಚುಗಳಲ್ಲಿ ತುಕ್ಕು ಕಾಣಿಸಿಕೊಳ್ಳುವುದು ಹೀಗೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಲ್ಲಿ ಗಾಳಿಯಾಡುತ್ತದೆ, ಧೂಳು ಮಾತ್ರ ಹೊರಗೇ ಉಳಿಯುತ್ತದೆ. ಹತ್ತಿಯೂ ತೇವ ಹೀರುತ್ತದೆ ಎಂಬ ಆಕ್ಷೇಪ ನಿಜವೇ. ಒದ್ದೆ ಗವಸನ್ನು ವಾರಗಟ್ಟಲೆ ಯಂತ್ರದ ಮೇಲೆ ಬಿಟ್ಟರೆ ಅದರಿಂದಲೂ ತುಕ್ಕು ಹಿಡಿಯುತ್ತದೆ. ಆದರೆ ಬಟ್ಟೆಯನ್ನು ಒಗೆಯಬಹುದು, ಬಿಸಿಲು ಕಂಡ ದಿನ ಒಣಹಾಕಬಹುದು, ಮಳೆ ಬಿಡದಿದ್ದರೆ ಒಲೆಯ ಶಾಖದಲ್ಲಿ ಆರಿಸಬಹುದು. ಪ್ಲಾಸ್ಟಿಕ್ ಗಡಸಾಗಿ ಮಡಿಕೆಯಲ್ಲಿ ಸೀಳಿದ ಮೇಲೆ ಎಸೆಯುವುದೊಂದೇ ದಾರಿ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಗವಸು ಹೊಲಿಯುವುದರಲ್ಲೇ ಇರುವ ಪಾಠ. ಸಾಮಾನ್ಯ ಯಂತ್ರದ ತಳ ಸುಮಾರು ಹದಿನಾಲ್ಕೂವರೆ ಇಂಚು ಉದ್ದ, ಏಳು ಇಂಚು ಅಗಲ. ಆ ಅಳತೆಗೇ ಕತ್ತರಿಸಿದರೆ ಗವಸು ಕೂರುವುದಿಲ್ಲ, ಏಕೆಂದರೆ ಬಲಗಡೆ ಕೈಚಕ್ರ ತಳವನ್ನು ದಾಟಿ ಹೊರಚಾಚಿದೆ, ಮೇಲೆ ದಾರದುಂಡೆ ಸಿಕ್ಕಿಸುವ ಕಡ್ಡಿ ಎದ್ದು ನಿಂತಿದೆ. ಕಲಿಯುವವರು ಟೇಪು ಹಿಡಿದು ಎಲ್ಲಿ ಹೆಚ್ಚು ಅಗಲ, ಎಲ್ಲಿ ಹೆಚ್ಚು ಎತ್ತರ ಎಂದು ಹುಡುಕಬೇಕು, ಅದಕ್ಕೆ ಸಡಿಲ ಸೇರಿಸಬೇಕು, ಆಮೇಲೆ ಹೊಲಿಗೆಗೆ ಅರ್ಧ ಇಂಚು, ಕೆಳಗೆ ಮಡಿಸಲು ಒಂದು ಇಂಚು ಬಿಡಬೇಕು. ಮುಂದಕ್ಕೊಂದು, ಹಿಂದಕ್ಕೊಂದು ತುಂಡು, ಎಡದಿಂದ ಮೇಲೇರಿ ಬಲಕ್ಕಿಳಿಯುವ ಒಂದು ಉದ್ದನೆಯ ಪಟ್ಟಿ, ಇಷ್ಟೇ. ಮೂವತ್ತಾರು ಇಂಚು ಪನ್ನದ ಕೋರಾ ಬಟ್ಟೆ ಒಂದೂಕಾಲು ಮೀಟರ್ ಇದ್ದರೆ ಸಾಕು. ಅದನ್ನು ಮೊದಲೇ ನೆನೆಸಿ ಗಂಜಿ ತೆಗೆದು ಒಣಗಿಸಿದರೆ ಮುಂದೆ ಕುಗ್ಗುವುದಿಲ್ಲ, ಗಂಜಿಗೆ ಜಿರಲೆಯೂ ಬರುವುದಿಲ್ಲ. ಮುಂದಿನ ತುಂಡಿನ ಮೇಲಿನ ಮೂಲೆಗಳನ್ನು ಗುಂಡಾಗಿ ಕತ್ತರಿಸಿದರೆ ನಿಜವಾದ ಪರೀಕ್ಷೆ ಅಲ್ಲಿಯೇ. ನೇರ ಪಟ್ಟಿಯನ್ನು ಆ ತಿರುವಿನ ಸುತ್ತ ಸುಕ್ಕು ಬೀಳದಂತೆ ಕೂರಿಸಬೇಕು, ಪಟ್ಟಿಯ ಅಂಚಿಗೆ ಅಲ್ಲಲ್ಲಿ ಚಿಕ್ಕದಾಗಿ ಕತ್ತರಿ ಆಡಿಸಬೇಕು, ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ ಪಾದ ಎತ್ತಿ ಬಟ್ಟೆ ತಿರುಗಿಸಬೇಕು. ನಾಳೆ ರವಿಕೆಗೆ ತೋಳು ಕೂರಿಸುವಾಗ, ಕೊರಳಿಗೆ ಪೈಪಿಂಗ್ ಕೊಡುವಾಗ ಬೇಕಾಗುವ ಕೈಚಳಕ ಇದೇ.

ಈಗ ರೂಢಿಯಲ್ಲಿರುವ ಕ್ರಮ ಬೇರೆ. ಗೆರೆ ಎಳೆದ ಕಾಗದದ ಮೇಲೆ ದಾರವಿಲ್ಲದೆ ಹೊಲಿಸುತ್ತಾರೆ, ಆಮೇಲೆ ಕರವಸ್ತ್ರ, ಕೂಸಿನ ಅಂಗಿ, ಲಂಗ, ಕೊನೆಗೆ ರವಿಕೆ. ಕಾಗದದ ಅಭ್ಯಾಸ ಬಿಡಬೇಕಿಲ್ಲ, ಕಾಲಿಗೂ ಕೈಗೂ ಹೊಂದಾಣಿಕೆ ಬರುವುದು ಅಲ್ಲಿಯೇ. ಅದರ ಮರುದಿನದ ಜಾಗ ಗವಸಿಗೆ ಸಿಗಲಿ ಎಂದಷ್ಟೇ ಕೇಳುತ್ತಿರುವುದು. ಕಾಸು ತರುವುದು ರವಿಕೆ, ಇರುವ ಕೆಲವೇ ದಿನಗಳಲ್ಲಿ ಗವಸಿಗೆ ಹೊತ್ತು ಕಳೆಯುವುದೇ ಎಂದು ಕೆಲವು ಶಿಕ್ಷಕಿಯರು ಕೇಳಬಹುದು. ಅವರ ಆತಂಕ ಅರ್ಥವಾಗುವಂಥದ್ದು, ವಿಶ್ವಕರ್ಮ ಯೋಜನೆಯ ಪ್ರಾಥಮಿಕ ತರಬೇತಿಗೆ ಇರುವುದೇ ಐದರಿಂದ ಏಳು ದಿನ. ಆದರೂ ಹೊಸಬರ ಮೊದಲ ತಪ್ಪುಗಳು ಎಲ್ಲಾದರೂ ಆಗಲೇಬೇಕು. ಅವು ಗಿರಾಕಿಯ ರೇಷ್ಮೆ ಕಣದ ಮೇಲೆ ಆದರೆ ನಷ್ಟ ತುಂಬಿಕೊಡಬೇಕು, ಊರಲ್ಲಿ ಹೆಸರೂ ಕೆಡುತ್ತದೆ. ಗವಸಿನ ಮೇಲೆ ಒಂದು ಹೊಲಿಗೆ ಸೊಟ್ಟಗಾದರೂ ಗವಸು ಕೆಲಸ ಮಾಡುತ್ತದೆ. ಜೊತೆಗೆ, ಕಲಿಕೆಯ ಕರವಸ್ತ್ರದಂತೆ ಅದು ಡಬ್ಬಿಯ ತಳ ಸೇರುವುದಿಲ್ಲ. ದಿನವೂ ತೆಗೆದು ಹಾಕುವಾಗ ಹೊಲಿದವಳಿಗೆ ತನ್ನ ಕೆಲಸ ತಾನೇ ಕಾಣುತ್ತದೆ, ಎಲ್ಲಿ ಬಿಗಿಯಾಯಿತು, ಎಲ್ಲಿ ನೂಲು ಬಿಟ್ಟಿತು ಎಂಬುದೂ ತಿಳಿಯುತ್ತದೆ.

ಬಟ್ಟೆ ಕೊಳ್ಳಲೂ ದುಡ್ಡಿಲ್ಲ ಎನ್ನುವ ಕಡೆಗೆ ಉತ್ತರ ಕರ್ನಾಟಕದ ಕೌದಿ ದಾರಿ ತೋರುತ್ತದೆ. ಸವೆದ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿ, ಕೈಯಲ್ಲೇ ಸಾಲುಹೊಲಿಗೆ ಹಾಕಿ ದಪ್ಪ ಹೊದಿಕೆ ಮಾಡುವುದು ಅಲ್ಲಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. ಒಂದೊಂದೂ ಜಾಳಾಗಿರುವ ಮೂರು ಹಳೆ ಬಟ್ಟೆಗಳು ಹೀಗೆ ಸೇರಿದಾಗ ಧೂಳು ತಡೆಯುವಷ್ಟು ಒತ್ತಾಗುತ್ತವೆ. ರವಿಕೆ ಕತ್ತರಿಸಿ ಉಳಿದ ಚೂರು, ಲೈನಿಂಗಿನ ಅಂಚು, ಖಣದ ತುಂಡು ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಹಳೆ ಸೀರೆಯನ್ನು ಸುಮ್ಮನೆ ಯಂತ್ರದ ಮೇಲೆ ಹೊದೆಸಿದರೆ ಸಾಲದೇ ಎಂದರೆ, ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ಅದು ಜಾರುತ್ತದೆ, ಮಕ್ಕಳು ಎಳೆಯುತ್ತಾರೆ, ಮಡಿಕೆಯಲ್ಲಿ ನಿಂತ ಧೂಳು ಎತ್ತುವಾಗ ಯಂತ್ರದ ಮೇಲೇ ಸುರಿಯುತ್ತದೆ. ಅಳತೆಗೆ ಹೊಲಿದ ಗವಸು ತನ್ನ ಆಕಾರದಲ್ಲೇ ನಿಲ್ಲುತ್ತದೆ.

ಗವಸು ಹಾಕಿದಾಕ್ಷಣ ಯಂತ್ರಕ್ಕೆ ಬೇರೆ ಆರೈಕೆ ಬೇಡ ಎಂದು ಯಾರೂ ತಿಳಿಯಬಾರದು. ಹೊಲಿಯುವಾಗ ಬಟ್ಟೆಯಿಂದಲೇ ಉದುರುವ ನೂಲಿನ ಹಿಂಜು ಸೂಜಿ ತಟ್ಟೆಯ ಕೆಳಗೆ, ಶಟಲ್ ಸುತ್ತ ಸೇರುತ್ತದೆ. ಅದನ್ನು ಬ್ರಷ್‌ನಿಂದ ತೆಗೆಯಲೇಬೇಕು. ಮಷಿನ್ ಎಣ್ಣೆಯನ್ನೇ ಬಿಡಬೇಕು, ಕೊಬ್ಬರಿ ಎಣ್ಣೆ ಬಿಟ್ಟರೆ ದಿನ ಕಳೆದಂತೆ ಅಂಟಾಗಿ ಯಂತ್ರ ಕಚ್ಚಿಕೊಳ್ಳುತ್ತದೆ. ಗವಸು ಹೊಲಿಯುವ ಪಾಠದ ಜೊತೆಗೇ ಇವನ್ನೂ ಹೇಳಿಕೊಡುವುದು ಸುಲಭ, ಏಕೆಂದರೆ ಅಳತೆ ತೆಗೆಯುವ ನೆಪದಲ್ಲಿ ಕಲಿಯುವವರು ಯಂತ್ರದ ಪ್ರತಿ ಭಾಗವನ್ನೂ ಮುಟ್ಟಿ ನೋಡಿರುತ್ತಾರೆ. ಆಯುಧಪೂಜೆಯ ದಿನ ಯಂತ್ರ ಒರೆಸಿ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸುವ ನಾಡು ನಮ್ಮದು. ಆ ಭಕ್ತಿ ವರ್ಷದ ಉಳಿದ ದಿನಗಳಿಗೂ ಹರಿಯಬೇಕು.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯಲ್ಲಿ ಜಾಗ ಬೇಕೇ ಎಂದು ಅನಿಸಬಹುದು. ಲೇತ್ ಮಷಿನ್ ನಡೆಸುವವನಿಗೆ ಪಾಳಿ ಮುಗಿದ ಮೇಲೆ ಯಂತ್ರ ಒರೆಸಿ ಮುಚ್ಚುವುದು ಕಸುಬಿನ ಶಿಸ್ತು ಎಂದು ಐಟಿಐಯಲ್ಲಿ ಕಲಿಸುತ್ತೇವೆ. ಮನೆಯಲ್ಲಿ ಹೊಲಿಯುವ ಹೆಣ್ಣುಮಗಳು ಅದನ್ನೇ ಮಾಡಿದರೆ ಮನೆಗೆಲಸ ಎಂದು ಬಿಡುತ್ತೇವೆ. ಅವಳ ಯಂತ್ರವೂ ಬಂಡವಾಳವೇ. ಕೋಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ಯಂತ್ರ ಹೊರತಂದಾಗಿನಿಂದ ಇಂದಿನವರೆಗೆ ಈ ಕಪ್ಪು ಯಂತ್ರಗಳ ಒಳಗಿನ ರಚನೆ ಹೆಚ್ಚೇನೂ ಬದಲಾಗಿಲ್ಲ. ಬಿಡಿಭಾಗ ಸಿಗುತ್ತದೆ, ರಿಪೇರಿ ಬಲ್ಲವರಿದ್ದಾರೆ, ಜೋಪಾನ ಮಾಡಿದರೆ ತಾಯಿಯ ಯಂತ್ರದಲ್ಲಿ ಮಗಳೂ ಹೊಲಿಯಬಹುದು. ಆದ್ದರಿಂದ ತರಬೇತಿ ನಡೆಸುವ ಇಲಾಖೆಗಳು ಪಠ್ಯಕ್ರಮದಲ್ಲಿ ಗವಸಿಗೆ ಅರ್ಧ ದಿನ ಮೀಸಲಿಡಲಿ, ಮುಗಿಸಿದ ಗವಸಿಗೂ ಅಂಕ ಕೊಡಲಿ. ಯಂತ್ರ ವಿತರಿಸುವಾಗ ಅದರ ಪೆಟ್ಟಿಗೆಯಲ್ಲಿ ಒಂದೂಕಾಲು ಮೀಟರ್ ಕೋರಾ ಬಟ್ಟೆ, ಒಂದು ಎಣ್ಣೆ ಬಾಟಲಿ, ಒಂದು ಬ್ರಷ್ ಇಟ್ಟುಕೊಡಲಿ. ಯಂತ್ರದ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.